ಕೀ ಜಾಸ್ತಿಯಾಗಿ ವಾಚು ಕೆಡುವುದಿಲ್ಲ



ಆಗಸ್ಟ್ ತಿಂಗಳಲ್ಲಿ ನಮ್ಮ ಕಾಲೇಜಿನ ನೋಟಿಸ್ ಬೋರ್ಡಿನ ಕೆಳಗಿನ ಮೂಲೆಯಲ್ಲಿ ಒಂದು ಚೀಟಿ ಅಂಟಿಸಿತ್ತು. "ನಿಮ್ಮ ಮನೆಯಲ್ಲಿ ನಿಂತುಹೋದ ಕೀ ವಾಚು ಇದೆಯೇ? ದಯವಿಟ್ಟು ಎಸೆಯಬೇಡಿ. ದ್ವಿತೀಯ ಪಿಯು ವಾಣಿಜ್ಯ ವಿಭಾಗ, ಕಿಟಕಿ ಪಕ್ಕದ ಮೂರನೇ ಬೆಂಚು." ಕೆಲವರು ಅದನ್ನು ಓದಿ ನಕ್ಕಿದ್ದೀರಿ. ಒಬ್ಬರು ಕೆಳಗೆ ಪೆನ್ಸಿಲ್‌ನಲ್ಲಿ "ನಿಂತುಹೋದ ಸ್ಕೂಟರ್ ಇದೆ, ಬೇಕಾ?" ಎಂದೂ ಬರೆದಿದ್ದಿರಿ. ಆ ಚೀಟಿ ಬರೆದವಳು ನಾನೇ. ಅದನ್ನು ಯಾಕೆ ಬರೆದೆ, ಆಮೇಲೆ ಏನಾಯಿತು ಎಂದು ಈ ಲೇಖನದಲ್ಲಿ ಹೇಳುತ್ತೇನೆ. ಜೊತೆಗೆ ವಾಚು ರಿಪೇರಿ ಕಲಿಯಬೇಕೆಂಬ ಆಸೆ ನಿಮಗೂ ಬಂದರೆ ಎಲ್ಲಿಂದ ಶುರು ಮಾಡಬೇಕು, ಎಲ್ಲಿಂದ ಶುರು ಮಾಡಬಾರದು ಎಂಬುದನ್ನೂ ತಿಳಿಸುತ್ತೇನೆ. ಎರಡನೆಯದು ನನಗೆ ಚೆನ್ನಾಗಿ ಗೊತ್ತು.

ದಾದಾ ಅವರ ವಾಚು

ನನ್ನ ದಾದಾ, ಅಂದರೆ ಅಬ್ಬಾ ಅವರ ತಂದೆ, ತುಮಕೂರಿನ ಮಂಡಿಪೇಟೆಯ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಅವರ ಕೈಯಲ್ಲಿ ಯಾವಾಗಲೂ ಒಂದು ಎಚ್‌ಎಂಟಿ ಜನತಾ ವಾಚು ಇರುತ್ತಿತ್ತು. ದಿನಾ ಬೆಳಿಗ್ಗೆ ಫಜ್ರ್ ನಮಾಜ್ ಮುಗಿಸಿ ಬಂದು, ಚಹಾ ಕುಡಿಯುವ ಮೊದಲು ಅದಕ್ಕೆ ಕೀ ಕೊಡುತ್ತಿದ್ದರು. ಎರಡು ವರ್ಷದ ಹಿಂದೆ ದಾದಾ ತೀರಿಕೊಂಡರು. ಮರುದಿನದಿಂದ ಅದೇ ಹೊತ್ತಿಗೆ ದಾದಿ ಕೀ ಕೊಡಲು ಶುರು ಮಾಡಿದರು. ದಾದಿಗೆ ವಾಚು ನೋಡಿ ಸಮಯ ಹೇಳುವುದು ಅಷ್ಟಾಗಿ ಬರುವುದಿಲ್ಲ. ಕಿವಿಗೆ ಹಿಡಿದು ಟಿಕ್ ಟಿಕ್ ಕೇಳಿ, ದಿಂಬಿನ ಕೆಳಗೆ ಇಡುತ್ತಿದ್ದರು.

ಈ ವರ್ಷ ಬೇಸಿಗೆ ರಜೆಯಲ್ಲಿ ಒಂದು ಬೆಳಿಗ್ಗೆ ವಾಚು ನಿಂತುಹೋಯಿತು. ಕೀ ಬಿಗಿಯಾಗಿದೆ, ಆದರೆ ಸದ್ದಿಲ್ಲ. ದಾದಿ ಇಡೀ ದಿನ ಸರಿಯಾಗಿ ಊಟ ಮಾಡಲಿಲ್ಲ. "ನಾನೇ ಕೀ ಜಾಸ್ತಿ ಕೊಟ್ಟೆ. ಅವರು ನಲವತ್ತು ವರ್ಷ ಕಾಪಾಡಿದ್ದನ್ನು ನಾನು ಎರಡೇ ವರ್ಷಕ್ಕೆ ಹಾಳು ಮಾಡಿದೆ" ಅಂತ ಉರ್ದುವಿನಲ್ಲಿ ಪದೇ ಪದೇ ಹೇಳುತ್ತಿದ್ದರು. ಅಬ್ಬಾ "ಹೋಗಲಿ ಬಿಡಿ ಅಮ್ಮಾ, ಹಳೇ ವಾಚು" ಅಂದರು. ಅದರಿಂದ ದಾದಿಗೆ ಇನ್ನೂ ಬೇಜಾರಾಯಿತು.

ನನಗೆ ಒಂದು ಯೋಚನೆ ಬಂತು. ಮೊಬೈಲ್‌ನಲ್ಲಿ ಎರಡು ವಿಡಿಯೋ ನೋಡಿದೆ. ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ದಿಂಬಿನ ಕೆಳಗಿನಿಂದ ವಾಚು ತೆಗೆದುಕೊಂಡು, ಅಡುಗೆಮನೆಯ ಚಾಕುವಿನಿಂದ ಹಿಂದಿನ ಮುಚ್ಚಳ ತೆಗೆದೆ. ಒಳಗೆ ಒಂದು ಹಿತ್ತಾಳೆ ಬಣ್ಣದ ಚಕ್ರ, ಅದರ ಮೇಲೆ ಸುರುಳಿ ಸುತ್ತಿದ ತೆಳ್ಳನೆಯ ತಂತಿ ಕಂಡಿತು. ತಂತಿಯ ಮೇಲೆ ಧೂಳಿನ ಎಳೆ ಇದ್ದ ಹಾಗಿತ್ತು. ಅದನ್ನು ತೆಗೆಯೋಣ ಎಂದು ಹೊಲಿಗೆ ಸೂಜಿಯಿಂದ ಮೆಲ್ಲಗೆ ಎತ್ತಿದೆ. ಸೂಜಿಯ ಜೊತೆ ತಂತಿಯೂ ಎದ್ದು ಬಂತು. ಬಿಡಿಸಲು ಹೋದಷ್ಟೂ ಅದು ಜೇಡರ ಬಲೆಯ ಹಾಗೆ ಮುದುಡಿತು. ಮುಚ್ಚಳ ಒತ್ತಿ, ವಾಚನ್ನು ಮತ್ತೆ ದಿಂಬಿನ ಕೆಳಗೆ ಇಟ್ಟುಬಿಟ್ಟೆ.

ನಮ್ಮ ಮನೆಮಾತು ಉರ್ದುವಿನಲ್ಲಿ "ಅಮಾನತ್" ಅಂದರೆ ಒಬ್ಬರು ನಂಬಿ ನಮ್ಮ ಕೈಗೆ ಒಪ್ಪಿಸಿದ ವಸ್ತು. ಚಿಕ್ಕವಳಿದ್ದಾಗ ಕನ್ನಡ ಪತ್ರಿಕೆಯಲ್ಲಿ "ಅಧಿಕಾರಿ ಅಮಾನತು" ಎಂದು ಓದಿ, ಅಧಿಕಾರಿಯನ್ನು ಯಾರಿಗೆ ಜೋಪಾನ ಮಾಡಲು ಕೊಟ್ಟರು ಎಂದು ಅಬ್ಬಾ ಅವರನ್ನು ಕೇಳಿದ್ದೆ. ಆ ವಾರ ಎರಡೂ ಅರ್ಥ ಒಟ್ಟಿಗೆ ನನ್ನ ತಲೆಯಲ್ಲಿ ಓಡಾಡುತ್ತಿದ್ದವು. ದಾದಾ ಬಿಟ್ಟುಹೋದ ಅಮಾನತ್ ನನ್ನ ಕೈಯಿಂದ ಅಮಾನತಾಗಿತ್ತು.

ಚಾಚಾ ಹೇಳಿದ ಎರಡು ಮಾತು

ಒಂದು ವಾರ ತಡೆದುಕೊಂಡೆ. ಆಮೇಲೆ ತಮ್ಮನನ್ನು ಜೊತೆಗೆ ಕರೆದುಕೊಂಡು, ಅಬ್ಬಾ ಅವರಿಗೆ ಪರಿಚಯವಿರುವ ಒಬ್ಬ ವಾಚು ರಿಪೇರಿ ಚಾಚಾ ಅವರ ಅಂಗಡಿಗೆ ಹೋದೆ. ಅದು ಅಂಗಡಿ ಅನ್ನುವುದಕ್ಕಿಂತ ಗಾಜಿನ ಪೆಟ್ಟಿಗೆ ಅನ್ನಬಹುದು. ಒಬ್ಬರು ಕೂರುವಷ್ಟೇ ಜಾಗ. ಚಾಚಾ ಐಗ್ಲಾಸ್ ಕಣ್ಣಿಗೆ ಸಿಕ್ಕಿಸಿಕೊಂಡು ವಾಚಿನೊಳಗೆ ನೋಡಿದರು. ಅರ್ಧ ನಿಮಿಷವೂ ಆಗಿರಲಿಲ್ಲ.

"ಬೇಟಾ, ಇದು ಕೆಟ್ಟಿದ್ದಲ್ಲ, ಕೆಡಿಸಿದ್ದು. ಯಾರು ಕೈ ಹಾಕಿದ್ದು?"

ನಾನು ಸುಮ್ಮನೆ ನಿಂತೆ. ತಮ್ಮ ನನ್ನ ಕಡೆ ಬೆರಳು ತೋರಿಸಿದ.

ಚಾಚಾ ಬೈಯಲಿಲ್ಲ. ಅವರು ಹೇಳಿದ್ದು ಎರಡು ಮಾತು. ಮೊದಲನೆಯದು: ನಾನು ಮುದುಡಿಸಿದ್ದು ಹೇರ್‌ಸ್ಪ್ರಿಂಗ್, ಅದು ವಾಚಿನ ಜೀವ. ಅದನ್ನು ಮತ್ತೆ ಮೊದಲಿನ ಹಾಗೆ ಮಾಡುವುದು ಬಹಳ ಕಷ್ಟ. ಎರಡನೆಯದು: ಅದಕ್ಕೆ ಮೊದಲು ಆ ವಾಚಿಗೆ ಆಗಿದ್ದು ದೊಡ್ಡ ತೊಂದರೆಯೇ ಅಲ್ಲ. ಒಳಗಿನ ಎಣ್ಣೆ ಒಣಗಿ ಅಂಟಾಗಿತ್ತು, ಅಷ್ಟೇ. ತೊಳೆದು ಎಣ್ಣೆ ಹಾಕಿದ್ದರೆ ಓಡುತ್ತಿತ್ತು.

"ದಾದಿ ಕೀ ಜಾಸ್ತಿ ಕೊಟ್ಟಿದ್ದರಿಂದ ಅಲ್ಲವಾ?" ಎಂದು ಕೇಳಿದೆ.

"ಕೀ ಜಾಸ್ತಿಯಾಗಿ ವಾಚು ಕೆಡಲ್ಲ ಬೇಟಾ. ಎಲ್ಲರೂ ಹಾಗೇ ಅಂದ್ಕೊಂಡಿರ್ತಾರೆ."

ಆ ಮಾತು ಕೇಳಿದ ತಕ್ಷಣ ಮನೆಗೆ ಓಡಿಹೋಗಿ ದಾದಿಗೆ ಹೇಳಬೇಕಾಗಿತ್ತು. ನಾನು ಹೇಳಲಿಲ್ಲ. ದಾದಿಯ ತಪ್ಪಲ್ಲ ಎಂದು ಹೇಳಿದರೆ, "ನಿನಗೆ ಹೇಗೆ ಗೊತ್ತು?" ಎಂಬ ಪ್ರಶ್ನೆ ಬರುತ್ತದೆ. ಅದಕ್ಕೆ ಉತ್ತರ ಕೊಟ್ಟರೆ ಸೂಜಿಯ ವಿಷಯವೂ ಹೊರಗೆ ಬರುತ್ತದೆ. ಹಾಗಾಗಿ, ರಿಪೇರಿಗೆ ಕೊಟ್ಟಿದ್ದೇನೆ ಎಂದಷ್ಟೇ ಹೇಳಿ ಸುಮ್ಮನಾದೆ.

ವಾಚಿನ ಒಳಗೆ ಏನಿದೆ?

ಚಾಚಾ ಅವರ ಬಳಿ ಹಾಳಾದ ವಾಚುಗಳ ಮೆಷಿನ್‌ಗಳು ತುಂಬಿದ ಹಳೆಯ ಬಿಸ್ಕತ್ತು ಡಬ್ಬಿಗಳಿದ್ದವು. "ಅದರಲ್ಲಿ ಜನತಾ ಬ್ಯಾಲೆನ್ಸ್ ಒಂದು ಇರಬೇಕು. ನನಗೆ ಹುಡುಕಲು ಪುರುಸೊತ್ತಿಲ್ಲ. ಭಾನುವಾರ ಬಂದು ನೀನೇ ಹುಡುಕು" ಅಂದರು. ಹೀಗೆ ನನ್ನ ಭಾನುವಾರಗಳು ಶುರುವಾದವು. ಹುಡುಕಬೇಕಾದರೆ ಯಾವುದು ಏನು ಎಂದು ಗೊತ್ತಿರಬೇಕಲ್ಲ? ಅದಕ್ಕಾಗಿ ಚಾಚಾ ಕಲಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ.

ಕೀ ವಾಚಿನಲ್ಲಿ ಬ್ಯಾಟರಿ ಇಲ್ಲ. ನಾವು ಕೀ ಕೊಟ್ಟಾಗ, ಒಂದು ಸಣ್ಣ ಡಬ್ಬಿಯೊಳಗೆ ಉದ್ದನೆಯ ಉಕ್ಕಿನ ಪಟ್ಟಿ ಬಿಗಿಯಾಗಿ ಸುತ್ತಿಕೊಳ್ಳುತ್ತದೆ. ಅದು ಮೇನ್ ಸ್ಪ್ರಿಂಗ್. ಅದು ಬಿಚ್ಚಿಕೊಳ್ಳಲು ಹೊರಟಾಗ ಡಬ್ಬಿ ತಿರುಗುತ್ತದೆ, ಡಬ್ಬಿಯ ಅಂಚಿನ ಹಲ್ಲುಗಳು ಮುಂದಿನ ಚಕ್ರವನ್ನು ತಿರುಗಿಸುತ್ತವೆ, ಅದು ಅದರ ಮುಂದಿನದನ್ನು. ಈ ಸಾಲಿನಲ್ಲಿ ಒಂದು ಚಕ್ರ ಗಂಟೆಗೆ ಒಂದು ಸುತ್ತು ಹಾಕುತ್ತದೆ, ಇನ್ನೊಂದು ನಿಮಿಷಕ್ಕೆ ಒಂದು ಸುತ್ತು.

ಸ್ಪ್ರಿಂಗನ್ನು ಅದರ ಪಾಡಿಗೆ ಬಿಟ್ಟರೆ ಕ್ಷಣದಲ್ಲಿ ಎಲ್ಲ ಬಿಚ್ಚಿಕೊಂಡುಬಿಡುತ್ತದೆ, ಮುಳ್ಳುಗಳು ಗಿರಗಿರನೆ ತಿರುಗಿ ನಿಲ್ಲುತ್ತವೆ. ಆದ್ದರಿಂದ ಸಾಲಿನ ಕೊನೆಯಲ್ಲಿ ಒಂದು ಕಾವಲು ಬೇಕು. ಆ ಕೆಲಸ ಮಾಡುವುದು ಎಸ್ಕೇಪ್ ವೀಲ್ ಮತ್ತು ಪ್ಯಾಲೆಟ್ ಫೋರ್ಕ್. ಫೋರ್ಕ್ ಒಂದು ಹಲ್ಲನ್ನು ತಡೆಯುತ್ತದೆ, ಬಿಡುತ್ತದೆ, ಮತ್ತೆ ತಡೆಯುತ್ತದೆ. ನಮಗೆ ಕೇಳುವ ಟಿಕ್ ಟಿಕ್ ಇದೇ. ಯಾವಾಗ ಬಿಡಬೇಕು ಎಂದು ಫೋರ್ಕ್‌ಗೆ ಹೇಳುವುದು ಬ್ಯಾಲೆನ್ಸ್ ಚಕ್ರ. ಅದು ಒಂದು ಕಡೆ ತಿರುಗುತ್ತದೆ, ಹೇರ್‌ಸ್ಪ್ರಿಂಗ್ ಅದನ್ನು ವಾಪಸ್ ಎಳೆಯುತ್ತದೆ, ಇನ್ನೊಂದು ಕಡೆ ತಿರುಗುತ್ತದೆ, ಮತ್ತೆ ಎಳೆಯುತ್ತದೆ. ಉಯ್ಯಾಲೆಯ ಹಾಗೆ.

ಜನತಾ ವಾಚಿನಲ್ಲಿ ಈ ಉಯ್ಯಾಲೆ ಗಂಟೆಗೆ 18,000 ಸಲ ಅತ್ತಿಂದಿತ್ತ ಆಡುತ್ತದೆ. ಅಂದರೆ ಸೆಕೆಂಡಿಗೆ 5 ಸಲ, ದಿನಕ್ಕೆ 4,32,000 ಸಲ. ಇಷ್ಟು ಆಡುವ ಚಕ್ರದ ಅಚ್ಚಿನ ತುದಿ ಕೂದಲಿನಷ್ಟು ತೆಳು. ಲೋಹದ ಮೇಲೆ ಲೋಹ ಉಜ್ಜಿದರೆ ಬೇಗ ಸವೆಯುತ್ತದೆ ಎಂದು ಅಂಥ ಜಾಗದಲ್ಲಿ ಕೃತಕವಾಗಿ ತಯಾರಿಸಿದ ಕೆಂಪು ಕಲ್ಲುಗಳನ್ನು ಕೂರಿಸುತ್ತಾರೆ. ಡಯಲ್ ಮೇಲೆ "17 ಜ್ಯೂಯೆಲ್ಸ್" ಎಂದು ಇರುವುದು ಇದನ್ನೇ. ನಮ್ಮ ಅಮ್ಮಿ ಇಷ್ಟು ವರ್ಷ ಅದರಲ್ಲಿ ನಿಜವಾದ ಮಾಣಿಕ್ಯ ಇದೆ ಎಂದು ನಂಬಿದ್ದರು. ಮಾರಿದರೆ ಒಡವೆ ಬರುವುದಿಲ್ಲ, ಹೇಳಿಬಿಟ್ಟಿದ್ದೇನೆ.

ವಾಣಿಜ್ಯ ವಿಭಾಗದವರಿಗಾಗಿ ಒಂದು ಲೆಕ್ಕ. ದಿನಕ್ಕೆ 86,400 ಸೆಕೆಂಡುಗಳು. ಹಳೆಯ ವಾಚು ದಿನಕ್ಕೆ 30 ಸೆಕೆಂಡು ಹಿಂದೆ ಬಿದ್ದರೆ "ಸರಿಯಿಲ್ಲ" ಅನ್ನುತ್ತೇವೆ. ಆದರೆ ಆಗಲೂ ಅದು 100ಕ್ಕೆ ಸುಮಾರು 99.97 ಅಂಕ ತೆಗೆದಂತೆ. ನಮ್ಮ ವಿಭಾಗದ ಟಾಪರ್ ಕೂಡ ಅಷ್ಟು ತೆಗೆದಿಲ್ಲ.

ವಾಚು ನಿಂತರೆ ಏನರ್ಥ?

ಬಿಚ್ಚುವ ಮೊದಲೇ ಕೀ ತಿರುಗಿಸಿ ಕೆಲವು ವಿಷಯ ತಿಳಿದುಕೊಳ್ಳಬಹುದು. ಇದನ್ನು ದಯವಿಟ್ಟು ನೆನಪಿಡಿ.

ಕೀ ಎಷ್ಟು ತಿರುಗಿಸಿದರೂ ಬಿಗಿಯಾಗದೆ ಸುಮ್ಮನೆ ತಿರುಗುತ್ತಿದ್ದರೆ, ಮೇನ್ ಸ್ಪ್ರಿಂಗ್ ತುಂಡಾಗಿರಬಹುದು, ಇಲ್ಲವೇ ಅದನ್ನು ಹಿಡಿದಿಡುವ ಕೊಂಡಿ ಜಾರುತ್ತಿರಬಹುದು.

ಕೀ ಪೂರ್ತಿ ಬಿಗಿಯಾಗಿದ್ದೂ ವಾಚು ಓಡದಿದ್ದರೆ, ಶಕ್ತಿ ಇದೆ, ಆದರೆ ದಾರಿಯಲ್ಲಿ ಏನೋ ತಡೆಯುತ್ತಿದೆ ಎಂದರ್ಥ. ಹೆಚ್ಚಿನ ಸಲ ಅದು ಒಣಗಿದ ಎಣ್ಣೆ ಅಥವಾ ಕೊಳೆ. ಜನ ಇದನ್ನೇ "ಕೀ ಜಾಸ್ತಿ ಆಗಿ ಸಿಕ್ಕಿಹಾಕಿಕೊಂಡಿದೆ" ಅನ್ನುತ್ತಾರೆ. ಪೂರ್ತಿ ಕೀ ಕೊಡುವುದು ತಪ್ಪಲ್ಲ, ವಾಚು ಮಾಡಿರುವುದೇ ಹಾಗೆ. ಪೂರ್ತಿ ಬಿಗಿಯಾದ ಮೇಲೂ ಬಲವಂತವಾಗಿ ತಿರುಗಿಸಬಾರದು, ಅಷ್ಟೇ.

ಅಲ್ಲಾಡಿಸಿದರೆ ಸ್ವಲ್ಪ ಓಡಿ ಮತ್ತೆ ನಿಂತರೆ, ಆಗಲೂ ಮೊದಲ ಅನುಮಾನ ಕೊಳೆಯ ಮೇಲೆ. ವಾಚು ಬಿದ್ದಿದ್ದರೆ ಬ್ಯಾಲೆನ್ಸ್‌ನ ಅಚ್ಚು ಮುರಿದಿರಲೂಬಹುದು.

ನಮ್ಮ ಊರಿನ ವಾಚು

ಮೂರನೇ ಭಾನುವಾರ ಅಂಗಡಿಗೆ ಒಬ್ಬ ಹಿರಿಯರು ಬಂದರು. ಚಾಚಾ ಅವರ ಹಳೆಯ ಸ್ನೇಹಿತರು. ಡಬ್ಬಿಯಲ್ಲಿ ಕೈಯಾಡಿಸುತ್ತಿದ್ದ ನನ್ನನ್ನು ನೋಡಿ, "ಏನಮ್ಮಾ ಹುಡುಕ್ತಿದ್ದೀಯ?" ಅಂದರು. ಹೇಳಿದೆ. ಅವರು ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು. ಅವರು ನಮ್ಮ ತುಮಕೂರಿನ ಎಚ್‌ಎಂಟಿ ಕಾರ್ಖಾನೆಯಲ್ಲಿ ವಾಚು ಜೋಡಿಸುವ ಕೆಲಸ ಮಾಡಿ ನಿವೃತ್ತರಾದವರು.

ನನಗೆ ಅಲ್ಲಿಯವರೆಗೆ ಎಚ್‌ಎಂಟಿ ಅಂದರೆ ಹಳೇ ವಾಚು ಅಂತ ಮಾತ್ರ ಗೊತ್ತಿತ್ತು. ಹಿಂದೂಸ್ತಾನ್ ಮೆಷಿನ್ ಟೂಲ್ಸ್ 1953ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿದ್ದು ಯಂತ್ರಗಳನ್ನು ತಯಾರಿಸಲು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಅವರು ಕೈಗಡಿಯಾರ ತಯಾರಿಸಲು ಆರಂಭಿಸಿದರು. ಮೊದಲ ವಾಚುಗಳನ್ನು ಬಿಡುಗಡೆ ಮಾಡಿದವರು ಪ್ರಧಾನಿ ಜವಾಹರಲಾಲ್ ನೆಹರೂ. ಮುಂದೆ ತುಮಕೂರಿನಲ್ಲೂ ಕಾರ್ಖಾನೆ ಬಂತು. ಜನತಾ, ಪೈಲಟ್, ಸೋನಾ, ಕೊಹಿನೂರ್ ಹೀಗೆ ಹತ್ತಾರು ಹೆಸರುಗಳು. ಅಂಧರು ಬೆರಳಿನಿಂದ ಮುಟ್ಟಿ ಸಮಯ ತಿಳಿಯುವ ಬ್ರೈಲ್ ವಾಚನ್ನೂ ಅವರು ತಯಾರಿಸಿದ್ದರು.

"ನಮ್ಮ ಸಾಲಿನಲ್ಲಿ ಹೆಣ್ಣುಮಕ್ಕಳೇ ಜಾಸ್ತಿ ಇದ್ದರು ಕಣಮ್ಮ. ಈ ಹೇರ್‌ಸ್ಪ್ರಿಂಗ್ ಕೆಲಸಕ್ಕೆ ಅವರ ಕೈಯೇ ಆಗಬೇಕು ಅಂತಿದ್ದರು ನಮ್ಮ ಸೂಪರ್‌ವೈಸರ್" ಅಂದರು ಆ ಹಿರಿಯರು. ನಾನು ನನ್ನ ಕೈ ನೋಡಿಕೊಂಡೆ. ಸೂಜಿ ನೆನಪಾಯಿತು.

ಮತ್ತೆ ಕಾರ್ಖಾನೆ ಯಾಕೆ ಮುಚ್ಚಿತು? ಇದು ನಮ್ಮ ಬಿಸಿನೆಸ್ ಸ್ಟಡೀಸ್ ಪಾಠಕ್ಕೆ ಒಳ್ಳೆಯ ಉದಾಹರಣೆ. 1969ರಲ್ಲಿ ಜಪಾನಿನ ಸೈಕೋ ಕಂಪನಿ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದಿತು. ಈಗಿನ ಸಾಮಾನ್ಯ ಕ್ವಾರ್ಟ್ಜ್ ವಾಚಿನಲ್ಲಿ ಬ್ಯಾಟರಿಯ ಬಲದಿಂದ ಒಂದು ಪುಟ್ಟ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಸೆಕೆಂಡಿಗೆ 5 ಸಲದ ಎದುರು 32,768! ನಿಖರತೆಯಲ್ಲಿ ಕೀ ವಾಚು ಅದಕ್ಕೆ ಸಾಟಿಯಾಗಲಿಲ್ಲ. 1984ರಲ್ಲಿ ಸ್ಥಾಪನೆಯಾದ ಟೈಟಾನ್ ನಮ್ಮ ಪಕ್ಕದ ಹೊಸೂರಿನಲ್ಲಿ ಕಾರ್ಖಾನೆ ಮಾಡಿ, ಕ್ವಾರ್ಟ್ಜ್ ವಾಚುಗಳನ್ನೇ ಮುಂದಿಟ್ಟುಕೊಂಡು ಬಂತು. ಎಚ್‌ಎಂಟಿ ಕೂಡ ಕ್ವಾರ್ಟ್ಜ್ ತಯಾರಿಸಿತ್ತು, ಆದರೆ ಮಾರುಕಟ್ಟೆ ಕೈತಪ್ಪಿ ನಷ್ಟ ಬೆಳೆಯುತ್ತಾ ಹೋಯಿತು. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ತುಮಕೂರಿನ ಕಾರ್ಖಾನೆಯ ಜಾಗ ಈಗ ಇಸ್ರೋ ಸಂಸ್ಥೆಯದು.

ಕಂಪನಿ ಮುಚ್ಚಿದರೂ ಅದರ ವಾಚುಗಳು ಲಕ್ಷಾಂತರ ಮನೆಗಳಲ್ಲಿ ಉಳಿದಿವೆ. ಹೊಸ ಬಿಡಿಭಾಗ ಬರುವುದಿಲ್ಲ. ಆದ್ದರಿಂದಲೇ ಚಾಚಾ ಅವರ ಬಿಸ್ಕತ್ತು ಡಬ್ಬಿಗೆ ಅಷ್ಟು ಬೆಲೆ. ಒಂದು ಸತ್ತ ವಾಚು ಮೂರು ವಾಚುಗಳನ್ನು ಬದುಕಿಸಬಹುದು. ನೋಟಿಸ್ ಬೋರ್ಡಿನಲ್ಲಿ "ಎಸೆಯಬೇಡಿ" ಎಂದು ಬರೆದದ್ದು ಈ ಕಾರಣಕ್ಕೆ.

ಹಳೆಯ ಬ್ಯಾಲೆನ್ಸ್

ಐದನೇ ಭಾನುವಾರ ಎರಡನೇ ಡಬ್ಬಿಯಲ್ಲಿ ನನಗೆ ಒಂದು ಒಳ್ಳೆಯ ಜನತಾ ಬ್ಯಾಲೆನ್ಸ್ ಸಿಕ್ಕಿತು. ಹೇರ್‌ಸ್ಪ್ರಿಂಗ್ ಸಮೇತ, ಒಂದು ಸುರುಳಿಯೂ ಕದಲದೆ ಇತ್ತು. ಚಾಚಾ ದಾದಾ ಅವರ ವಾಚನ್ನು ಪೂರ್ತಿ ಬಿಚ್ಚಿ ತೊಳೆದರು. ನಾನು ಪಕ್ಕದಲ್ಲಿ ಕೂತು ಒಂದೊಂದು ಸ್ಕ್ರೂ ಎಲ್ಲಿಂದ ಬಂತು ಎಂದು ಬರೆದುಕೊಂಡೆ. ಬ್ಯಾಲೆನ್ಸ್ ಕೂರಿಸುವಾಗ ಹಿರಿಯರು ಹೇಳಿಕೊಟ್ಟರು, ಚಾಚಾ ಕೂರಿಸಿದರು, ನಾನು ಉಸಿರು ಹಿಡಿದುಕೊಂಡೆ. ಚಕ್ರ ಒಮ್ಮೆ ನಡುಗಿ ಆಡತೊಡಗಿತು.

ವಾಚು ಕೊಡುವಾಗ ಚಾಚಾ ಒಂದು ಸಣ್ಣ ಕಾಗದದ ಪೊಟ್ಟಣವನ್ನೂ ಕೊಟ್ಟರು. ಒಳಗೆ ನಾನು ಮುದುಡಿಸಿದ ಹಳೆಯ ಬ್ಯಾಲೆನ್ಸ್ ಇತ್ತು.

"ಇದು ನಿಮ್ಮ ಅಂಗಡಿಯಲ್ಲೇ ಇರಲಿ ಚಾಚಾ" ಅಂದೆ.

"ಬದಲಾಯಿಸಿದ ಸಾಮಾನು ವಾಚಿನ ಮಾಲೀಕರದ್ದು. ಇಟ್ಟುಕೊಳ್ಳೋಕೆ ನಾನು ಯಾರು? ನೀನು ಯಾರು? ತಗೊಂಡು ಹೋಗಿ ಅವರಿಗೆ ಕೊಡು."

ಓಡುತ್ತಿರುವ ವಾಚನ್ನು ಮಾತ್ರ ಕೊಟ್ಟಿದ್ದರೆ ದಾದಿ ಖುಷಿಯಾಗುತ್ತಿದ್ದರು, ನನಗೆ ದುವಾ ಕೊಡುತ್ತಿದ್ದರು, ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಪೊಟ್ಟಣ ಕೊಟ್ಟರೆ ಎಲ್ಲ ಹೇಳಲೇಬೇಕು. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದರೆ ವ್ಯತ್ಯಾಸವನ್ನು ತಾತ್ಕಾಲಿಕವಾಗಿ ಸಸ್ಪೆನ್ಸ್ ಅಕೌಂಟಿಗೆ ಹಾಕುತ್ತೇವೆ, ಆದರೆ ತಪ್ಪು ಹುಡುಕಿ ಸರಿಪಡಿಸುವವರೆಗೆ ಮಾತ್ರ ಎಂದು ನಮ್ಮ ಅಕೌಂಟೆನ್ಸಿ ಮೇಡಂ ಹೇಳುತ್ತಾರೆ. ನಾನು ಐದು ವಾರದಿಂದ ನನ್ನ ತಪ್ಪನ್ನು ದಾದಿಯ ಖಾತೆಯಲ್ಲಿ ಬರೆದಿಟ್ಟಿದ್ದೆ.

ಮಗ್ರಿಬ್ ಆದ ಮೇಲೆ ದಾದಿ ಹಾಸಿಗೆಯಲ್ಲಿ ಕೂತಿದ್ದಾಗ ಎರಡನ್ನೂ ಅವರ ಕೈಯಲ್ಲಿಟ್ಟು ಹೇಳಿದೆ. ಮೊದಲು ಕೀ ವಿಷಯ ಹೇಳಿದೆ, ಆಮೇಲೆ ಸೂಜಿಯದು. ದಾದಿ ವಾಚನ್ನು ಕಿವಿಗೆ ಹಿಡಿದುಕೊಂಡು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಅಂದರೆ ನಾನು ಕೀ ಸರಿಯಾಗೇ ಕೊಡ್ತಿದ್ದೆ?"

"ಹೌದು ದಾದಿ. ಸರಿಯಾಗೇ ಕೊಡ್ತಿದ್ದಿರಿ."

ಐದು ವಾರ ಮೊದಲೇ ಹೇಳಬಹುದಾಗಿದ್ದ ಮಾತು ಅದು. ದಾದಿ ನನ್ನನ್ನು ಬೈಯಲಿಲ್ಲ. ಪೊಟ್ಟಣವನ್ನು ತಮ್ಮ ಪಾನ್‌ದಾನಿನ ಮೇಲಿನ ಅರೆಯಲ್ಲಿ ಇಟ್ಟರು. ಅದು ಈಗಲೂ ಅಲ್ಲೇ ಇದೆ.

ಶುರು ಮಾಡುವುದು ಹೇಗೆ?

ಈಗ ನಿಮಗೆ ಬೇಕಾದ ವಿಷಯಕ್ಕೆ ಬರುತ್ತೇನೆ. ಮೊದಲ ನಿಯಮ: ಮನೆಯವರ ನೆನಪಿನ ವಾಚಿನಿಂದ ಶುರು ಮಾಡಬೇಡಿ. ಯಾರಿಗೂ ಬೇಡವಾದ, ಕೆಟ್ಟರೂ ಯಾರೂ ಅಳದ ಮೆಷಿನ್ ಒಂದನ್ನು ರಿಪೇರಿ ಅಂಗಡಿಯಿಂದ ತಂದುಕೊಳ್ಳಿ. ಅದನ್ನು ಹತ್ತು ಸಲ ಬಿಚ್ಚಿ, ಹತ್ತು ಸಲ ಜೋಡಿಸಿ.

ನನ್ನ ಈದಿ ಹಣದಲ್ಲಿ ಆದ ಖರ್ಚು ಹೀಗಿದೆ: ಐಗ್ಲಾಸ್ 120 ರೂಪಾಯಿ, ಐದು ಸಣ್ಣ ಸ್ಕ್ರೂಡ್ರೈವರ್‌ಗಳ ಸೆಟ್ 350, ಎರಡು ಚಿಮಟ 180, ಧೂಳು ಊದುವ ರಬ್ಬರ್ ಬ್ಲೋವರ್ 90, ಅಭ್ಯಾಸಕ್ಕೆ ನಾಲ್ಕು ಹಾಳಾದ ಮೆಷಿನ್ 200, ಅಂಚಿರುವ ಟ್ರೇ 40. ಒಟ್ಟು 980 ರೂಪಾಯಿ. ಒಂದೇ ಸಲ ಎಲ್ಲ ಕೊಳ್ಳಬೇಕಾಗಿಲ್ಲ.

ಕೆಲಸ ಮಾಡುವಾಗ ಈ ವಿಷಯಗಳು ನೆನಪಿರಲಿ.

1. ಬಿಳಿ ಬಟ್ಟೆ ಅಥವಾ ಕಾಗದ ಹಾಸಿ ಅದರ ಮೇಲೆ ಟ್ರೇ ಇಡಿ. ಫ್ಯಾನ್ ಆರಿಸಿ. ಬಿದ್ದ ಸ್ಕ್ರೂ ಹುಡುಕುವುದಕ್ಕಿಂತ ಬೆವರುವುದು ವಾಸಿ.

2. ಪ್ರತಿ ಭಾಗ ತೆಗೆಯುವ ಮೊದಲು ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಳ್ಳಿ. ಸ್ಕ್ರೂಗಳು ನೋಡಲು ಒಂದೇ ಥರ ಇದ್ದರೂ ಉದ್ದ ಬೇರೆ ಇರುತ್ತದೆ. ವೋಚರ್ ಇಲ್ಲದೆ ಎಂಟ್ರಿ ಇಲ್ಲ ಎಂಬ ಹಾಗೆ, ಫೋಟೋ ಇಲ್ಲದೆ ಸ್ಕ್ರೂ ತೆಗೆಯಬೇಡಿ.

3. ಬಿಚ್ಚುವ ಮೊದಲು ಮೇನ್ ಸ್ಪ್ರಿಂಗ್‌ನ ಬಿಗಿಯನ್ನು ನಿಧಾನವಾಗಿ ಇಳಿಸಬೇಕು. ಬಿಗಿ ಇರುವಾಗ ಪ್ಯಾಲೆಟ್ ಫೋರ್ಕ್ ತೆಗೆದರೆ ಚಕ್ರಗಳು ಒಮ್ಮೆಲೇ ರಭಸದಿಂದ ತಿರುಗಿ ಹಲ್ಲು, ಅಚ್ಚು ಮುರಿಯಬಹುದು. ಇದನ್ನು ಬಲ್ಲವರ ಎದುರೇ ಕಲಿಯಿರಿ.

4. ಹೇರ್‌ಸ್ಪ್ರಿಂಗ್ ಮುಟ್ಟಬೇಡಿ. ಧೂಳು ಕಂಡರೆ ಬ್ಲೋವರ್‌ನಿಂದ ಊದಿ. ಬಾಯಿಂದ ಊದಿದರೆ ಉಗುಳಿನ ತೇವ ತಗುಲಿ ತುಕ್ಕು ಹಿಡಿಯುತ್ತದೆ.

5. ತೆಂಗಿನೆಣ್ಣೆ, ಹೊಲಿಗೆ ಯಂತ್ರದ ಎಣ್ಣೆ ಹಾಕಬೇಡಿ. ವಾಚಿನ ಎಣ್ಣೆ ಬೇರೆಯೇ ಇದೆ, ಅದೂ ಸೂಜಿಯ ಮೊನೆಯಷ್ಟು ಸಾಕು. ಹೆಚ್ಚಾದರೆ ಹರಡಿ ಕೊಳೆ ಹಿಡಿಯುತ್ತದೆ.

6. ಅಂಗಡಿಗಳಲ್ಲಿ ಪೆಟ್ರೋಲಿನಲ್ಲಿ ತೊಳೆಯುವುದನ್ನು ನೋಡಿರಬಹುದು. ಮನೆಯಲ್ಲಿ ಅದನ್ನು ಮಾಡಬೇಡಿ, ಬೆಂಕಿಯ ಅಪಾಯ. ಬ್ಯಾಟರಿ ವಾಚು ಬಿಚ್ಚಿದರೆ ಹಳೆಯ ಬಟನ್ ಸೆಲ್ ಚಿಕ್ಕ ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ. ನುಂಗಿದರೆ ಜೀವಕ್ಕೇ ಅಪಾಯ.

ಚೀಟಿಗೆ ಬಂದ ಉತ್ತರ

ಒಬ್ಬಳೇ ಕಲಿಯಲು ಹೋಗಿ ಏನಾಯಿತು ಎಂದು ನೋಡಿದಿರಲ್ಲ. ಆದ್ದರಿಂದ ಕಾಲೇಜು ಶುರುವಾದ ಮೇಲೆ, ಇಲ್ಲೂ ಯಾರಾದರೂ ಇರಬಹುದೇ ಎಂದು ಆ ಚೀಟಿ ಅಂಟಿಸಿದೆ. ಸ್ಕೂಟರಿನವರನ್ನು ಬಿಟ್ಟರೆ ಒಂದು ವಾರ ಯಾರೂ ಬರಲಿಲ್ಲ. ಆಮೇಲೆ ಮೂವರು ಬಂದರು.

ಮೊದಲು ಬಂದವರು ನಮ್ಮ ಕಾಲೇಜು ಕಚೇರಿಯ ಅಣ್ಣ. ಅವರ ತಾಯಿಯ ಲೇಡೀಸ್ ವಾಚು ದಿನಕ್ಕೆ ಎಂಟು ಹತ್ತು ನಿಮಿಷ ಮುಂದೆ ಓಡುತ್ತಿತ್ತು. ಎರಡನೆಯವರು ಕನ್ನಡ ಉಪನ್ಯಾಸಕರು. ಅವರ ಬಳಿ ಮದುವೆಯಲ್ಲಿ ಮಾವನವರು ಕೊಟ್ಟ ಎಚ್‌ಎಂಟಿ ಇದೆ, ಹನ್ನೆರಡು ವರ್ಷದಿಂದ ಬೀರುವಿನಲ್ಲಿದೆ. "ಸರಿ ಮಾಡಿಕೊಡು ಅಂತ ಅಲ್ಲ, ನಾನೇ ಕಲೀಬೇಕು" ಅಂದರು ಸರ್. ಮೂರನೆಯವಳು ಪ್ರಥಮ ಪಿಯು ವಿಜ್ಞಾನ ವಿಭಾಗದ ಹುಡುಗಿ. ಅವಳು ಎಂಟನೇ ತರಗತಿಯಿಂದಲೇ ಮನೆಯ ಗೋಡೆ ಗಡಿಯಾರಗಳನ್ನು ಬಿಚ್ಚುತ್ತಿದ್ದಳಂತೆ, ಯಾರಿಗೂ ಹೇಳಿರಲಿಲ್ಲ. ಅವಳೂ ಬೈಗುಳ ತಿಂದವಳೇ.

ಅಣ್ಣ ಅವರ ವಾಚಿನ ತೊಂದರೆ ಹಿಡಿದವಳು ಅವಳೇ. ಹೇರ್‌ಸ್ಪ್ರಿಂಗ್‌ನ ಉದ್ದ ಕಡಿಮೆಯಾದಂತೆ ಬ್ಯಾಲೆನ್ಸ್ ಬೇಗ ಬೇಗ ಆಡುತ್ತದೆ, ಆದ್ದರಿಂದ ವಾಚನ್ನು ನಿಧಾನ ಮಾಡಲು ಅದರಲ್ಲಿರುವ ಸಣ್ಣ ಕಡ್ಡಿಯನ್ನು ಸರಿಸಬೇಕು ಎಂದು ನಾನು ಹೇಳಿದೆ. ಅವಳು "ತಾಳು ಅಕ್ಕ" ಎಂದು ಭೌತಶಾಸ್ತ್ರ ಪ್ರಯೋಗಾಲಯದಿಂದ ಒಂದು ದಿಕ್ಸೂಚಿ ತಂದು ವಾಚಿನ ಹತ್ತಿರ ಹಿಡಿದಳು. ದಿಕ್ಸೂಚಿಯ ಮುಳ್ಳು ಅಲುಗಾಡಿತು. ವಾಚಿಗೆ ಕಾಂತತ್ವ ತಗುಲಿತ್ತು! ಹೇರ್‌ಸ್ಪ್ರಿಂಗ್‌ನ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡರೆ ಅದು ಗಿಡ್ಡವಾದಂತೆಯೇ ವರ್ತಿಸುತ್ತದೆ, ವಾಚು ಓಡುತ್ತದೆ. ತಾಯಿ ರಾತ್ರಿ ವಾಚನ್ನು ಬಿಚ್ಚಿ ಎಲ್ಲಿಡುತ್ತಾರೆ ಎಂದು ಕೇಳಿದರೆ, ಅಣ್ಣ "ಸ್ಪೀಕರ್ ಮೇಲೆ" ಅಂದರು. ಚಾಚಾ ಅವರ ಅಂಗಡಿಯಲ್ಲಿ ಕಾಂತತ್ವ ತೆಗೆಯುವ ಪುಟ್ಟ ಪೆಟ್ಟಿಗೆಯ ಮೇಲೆ ವಾಚಿಟ್ಟು, ಗುಂಡಿ ಒತ್ತಿ ಹಿಡಿದು ನಿಧಾನವಾಗಿ ಮೇಲೆತ್ತಿದರು. ಮರುದಿನ ವಾಚು ಅರ್ಧ ನಿಮಿಷ ಮಾತ್ರ ಮುಂದಿತ್ತು. ನಾನು ಹೇಳಿದ ಹಾಗೆ ಕಡ್ಡಿ ಸರಿಸಿದ್ದರೆ ಕಾರಣ ಒಳಗೇ ಉಳಿದು ಲೆಕ್ಕ ಇನ್ನಷ್ಟು ಗೋಜಲಾಗುತ್ತಿತ್ತು.

ಈಗ ನಾವು ನಾಲ್ಕು ಜನ ಪ್ರತಿ ಶನಿವಾರ ತರಗತಿ ಮುಗಿದ ಮೇಲೆ ಭೌತಶಾಸ್ತ್ರ ಪ್ರಯೋಗಾಲಯದ ಕೊನೆಯ ಮೇಜಿನಲ್ಲಿ ಒಂದು ಗಂಟೆ ಕೂರುತ್ತೇವೆ. ಪ್ರಾಂಶುಪಾಲರ ಅನುಮತಿ ಇದೆ. ತಿಂಗಳಿಗೊಮ್ಮೆ ಆ ಎಚ್‌ಎಂಟಿ ಹಿರಿಯರು ಬಂದು ನೋಡಿ, ನಮ್ಮ ತಪ್ಪುಗಳನ್ನು ಹೇಳಿ ಹೋಗುತ್ತಾರೆ. ಕನ್ನಡ ಸರ್ ಇಲ್ಲಿಯವರೆಗೆ ಒಂದು ಅಭ್ಯಾಸದ ಮೆಷಿನ್ ಅನ್ನು ಆರು ಸಲ ಜೋಡಿಸಿದ್ದಾರೆ, ಪ್ರತಿ ಸಲ ಒಂದು ಸ್ಕ್ರೂ ಉಳಿದಿದೆ. ಮಾವನವರ ವಾಚನ್ನು ಅವರು ಇನ್ನೂ ಬೀರುವಿನಿಂದ ತೆಗೆದಿಲ್ಲ. ಅದು ಸರಿಯಾದ ನಿರ್ಧಾರ.

ಮುಂದಿನ ರಜೆಯಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿರುವ ಎಚ್‌ಎಂಟಿ ಹೆರಿಟೇಜ್ ಸೆಂಟರ್ ವಸ್ತುಸಂಗ್ರಹಾಲಯಕ್ಕೆ ಹೋಗಿಬರುವ ಯೋಚನೆ ಇದೆ. 2019ರಲ್ಲಿ ಆರಂಭವಾದ ಅಲ್ಲಿ ಹಳೆಯ ವಾಚುಗಳೂ ಯಂತ್ರಗಳೂ ಇವೆ. ಬರುವ ಆಸೆ ಇರುವವರು ಹೆಸರು ಕೊಡಬಹುದು.

ನಿಮ್ಮ ಮನೆಯಲ್ಲಿ ನಿಂತ ಕೀ ವಾಚು ಇದ್ದರೆ, ಮೊದಲು ಅದು ಯಾರದ್ದು, ಯಾವಾಗ ನಿಂತಿತು ಎಂದು ಮನೆಯ ಹಿರಿಯರನ್ನು ಕೇಳಿ. ಅವರ ಒಪ್ಪಿಗೆ ಪಡೆದು ಶನಿವಾರ ತನ್ನಿ. ಮುಚ್ಚಳ ತೆಗೆಯದೆ ತನ್ನಿ. ಮತ್ತು "ಕೀ ಜಾಸ್ತಿ ಕೊಟ್ಟು ಹಾಳು ಮಾಡಿದೆ" ಎಂದು ಮನೆಯಲ್ಲಿ ಯಾರಾದರೂ ಕೊರಗುತ್ತಿದ್ದರೆ, ಅದು ಅವರ ತಪ್ಪಲ್ಲ ಎಂದು ಇವತ್ತು ಸಂಜೆಯೇ ಹೇಳಿ. ಶನಿವಾರದವರೆಗೆ ಕಾಯಬೇಡಿ.

ಸ್ಕೂಟರ್ ಇರುವವರು ಮಾತ್ರ ಕ್ಷಮಿಸಬೇಕು. ಆ ಮೇಜು ಅಷ್ಟು ದೊಡ್ಡದಿಲ್ಲ.

ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ವಾಣಿಜ್ಯ ವಿಭಾಗ